ಯಂತ್ರದ ಉಸಿರಿನಿಂದ ಸ್ವಂತ ಉಸಿರಿಗೆ

ಕಳೆದ ಆಟಿಯ ಜಡಿಮಳೆಯಲ್ಲಿ ನಮ್ಮ ದೊಡ್ಡಪ್ಪನವರಿಗೆ ಶೀತವೆಂದು ತೊಡಗಿದ ಬೇನೆ ನಾಲ್ಕು ದಿನಗಳೊಳಗೆ ನ್ಯುಮೋನಿಯಾ ಆಗಿ ಬಲಿಯಿತು. ಎಪ್ಪತ್ತೆರಡರ ಪ್ರಾಯ. ಅಡಿಕೆ ತೋಟದಲ್ಲಿ ದುಡಿದು ಗಟ್ಟಿಯಾದ ದೇಹವೇ ಆದರೂ ಬಹುಕಾಲದ ಬೀಡಿಯ ಅಭ್ಯಾಸ ಎದೆಯೊಳಗೆ ತನ್ನ ಗುರುತನ್ನು ಬಿಟ್ಟಿತ್ತು. ಎರಡು ದಿನ ಮನೆಯ ಕಷಾಯ, ಮೂರನೆಯ ದಿನ ಊರಿನ ಡಾಕ್ಟರರ ಮದ್ದು, ನಾಲ್ಕನೆಯ ದಿನ ಇರುಳು ತಲಪಾಡಿ ದಾಟಿ ಮಂಗಳೂರು. ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳಲ್ಲಿ ಕಾಯಿಲೆಯು ಸಾಗುವ ದಾರಿ ಇದೇ ಅಲ್ಲವೇ? ಅದೇ ರಾತ್ರಿ ಅವರ ಗಂಟಲೊಳಗೆ ಕೊಳವೆಯನ್ನಿಳಿಸಿ, ಉಸಿರಾಟದ ಯಂತ್ರಕ್ಕೆ, ಎಂದರೆ ಈಗ ಎಲ್ಲರ ಬಾಯಲ್ಲೂ ಇರುವ ವೆಂಟಿಲೇಟರಿಗೆ, ಜೋಡಿಸಿದರು.

ಆರು ದಿನಗಳು ಹಾಗೆಯೇ ಕಳೆದವು. ಏಳನೆಯ ದಿನ ಬೆಳಿಗ್ಗೆ ಡಾಕ್ಟರರು ಹೊರಗೆ ಬಂದು, "ಇವತ್ತು ಟ್ಯೂಬ್ ತೆಗೆಯುತ್ತೇವೆ" ಎಂದರು. ಮಧ್ಯಾಹ್ನಕ್ಕೆ ಕೊಳವೆ ಹೊರಬಂತು. ನಾವು ಕುಂಬಳೆಗೂ ಬದಿಯಡ್ಕಕ್ಕೂ ಪೆರ್ಲಕ್ಕೂ ಫೋನು ಮಾಡಿ ಸಂತೋಷದ ಸುದ್ದಿಯನ್ನು ಹಂಚಿದೆವು. ಸಂಜೆ ನೋಡುವ ಹೊತ್ತಿಗೆ ದೊಡ್ಡಮ್ಮನನ್ನು ಒಳಗೆ ಕರೆದುಕೊಂಡು ಹೋದಾಗ ಮಾತ್ರ ನಾವಿಬ್ಬರೂ ಬಾಗಿಲಲ್ಲೇ ನಿಂತೆವು. ದೊಡ್ಡಪ್ಪನವರ ಮೂಗಿನ ಹೊಳ್ಳೆಗಳಲ್ಲಿ ಕಿರುಬೆರಳಿನಷ್ಟು ದಪ್ಪದ ಎರಡು ಕವಲುಗಳು. ಅಲ್ಲಿಂದ ಹೊರಟ ಸುರುಳಿಸುರುಳಿಯ ಅಗಲ ಕೊಳವೆ ಹಾಸಿಗೆಯ ಬದಿಯ ಕಂಬಕ್ಕೆ ತಗುಲಿಸಿದ ಒಂದು ಪೆಟ್ಟಿಗೆಯನ್ನು ಸೇರಿತ್ತು. ಅದರ ಮೇಲೆ ನೀರಿನ ಚೀಲವೊಂದು ತೂಗುತ್ತಿತ್ತು. ಬಿರುಗಾಳಿ ಹಂಚಿನ ಸಂದಿಯಲ್ಲಿ ನುಗ್ಗುವಂತಹ ಸದ್ದು ಎಡೆಬಿಡದೆ ಕೇಳುತ್ತಿತ್ತು.

"ಒಂದು ಯಂತ್ರದಿಂದ ಬಿಡಿಸಿ ಇನ್ನೊಂದಕ್ಕೆ ಕಟ್ಟಿದರೇ?" ಎಂದು ದೊಡ್ಡಮ್ಮ ಮೆಲ್ಲನೆ ಕೇಳಿದರು.

ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮೇಲೆ ವೈದ್ಯರನ್ನು ಕೇಳಿ, ಓದಿ, ಮತ್ತೆ ಕೇಳಿ ನಾವು ತಿಳಿದುಕೊಂಡುದನ್ನು ನಮ್ಮ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ನಾವು ವೈದ್ಯರಲ್ಲ. ಆದರೆ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಕುಳಿತವರು ಏನೇನು ತಿಳಿಯದೆ ಹೆದರುತ್ತಾರೆ, ಏನೇನು ತಿಳಿಯದೆ ಹಿಗ್ಗುತ್ತಾರೆ ಎಂಬುದನ್ನು ಈಗ ಬಲ್ಲೆವು.

ಹಾಲು ಬಿಡಿಸಿದಂತೆ

ಯಂತ್ರದಿಂದ ರೋಗಿಯನ್ನು ಬಿಡಿಸುವ ಕಾರ್ಯಕ್ಕೆ ವೈದ್ಯರು 'ವೀನಿಂಗ್' ಎನ್ನುತ್ತಾರೆ. ಮಗುವಿಗೆ ತಾಯಿಯ ಹಾಲು ಬಿಡಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಮಾತೇ ಅದು. ಹೆಸರಿಟ್ಟವರು ಯಾರೋ, ಮನೆವಾರ್ತೆ ಬಲ್ಲವರೇ ಇರಬೇಕು. ಹಾಲು ಬಿಡಿಸಿದ ಮಗುವಿಗೆ ಮರುದಿನವೇ ದೊಡ್ಡವರ ಊಟ ಬಡಿಸುವ ತಾಯಿಯುಂಟೇ? ನಡುವೆ ಮೆತ್ತಗಿನ ಅನ್ನ, ಗಂಜಿಯ ತಿಳಿ ಎಂಬ ದಿನಗಳಿರುತ್ತವೆ. ದೊಡ್ಡಮ್ಮನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕಾದರೆ ಇದನ್ನೇ ಹೇಳಬಹುದು. ಮೂಗಿನ ಆ ಯಂತ್ರವು ನಡುವಿನ ದಿನಗಳ ಗಂಜಿ.

ನಾವು ಉಸಿರನ್ನೆಳೆಯುವಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ, ಎದೆಗೂಡು ಹಿಗ್ಗುತ್ತದೆ, ಗಾಳಿ ತಾನಾಗಿ ಒಳಕ್ಕೆ ಸೆಳೆಯಲ್ಪಡುತ್ತದೆ. ಯಂತ್ರದ ರೀತಿ ಇದಕ್ಕೆ ವಿರುದ್ಧವಾದುದು; ಅದು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಈ ನೂಕುವ ಉಪಾಯವು ದೊಡ್ಡ ಪ್ರಮಾಣದಲ್ಲಿ ರೂಢಿಗೆ ಬಂದ ಕಥೆ ರೋಮಾಂಚಕವಾದುದು. 1952ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಪಿಡುಗು ಹಬ್ಬಿತು. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳೇ ಸತ್ತ ಮಕ್ಕಳು ದಿನದಿನವೂ ಬರತೊಡಗಿದರು. ಅಮೆರಿಕದಲ್ಲಿ 1928ರಲ್ಲಿ ಬಳಕೆಗೆ ಬಂದಿದ್ದ 'ಕಬ್ಬಿಣದ ಶ್ವಾಸಕೋಶ' ಎಂಬ, ರೋಗಿಯ ದೇಹವನ್ನು ಕುತ್ತಿಗೆಯವರೆಗೂ ಒಳಗಿಟ್ಟುಕೊಳ್ಳುವ ಪೀಪಾಯಿಯಂತಹ ಯಂತ್ರ ಆ ಆಸ್ಪತ್ರೆಯಲ್ಲಿದ್ದುದು ಒಂದೇ ಒಂದು. ಮೊದಲು ಬಂದ ಇಂತಹ 31 ರೋಗಿಗಳಲ್ಲಿ 27 ಮಂದಿ ಮೂರು ದಿನಗಳೊಳಗೆ ತೀರಿಕೊಂಡರು. ಆಗ ಅರಿವಳಿಕೆಯ ವೈದ್ಯ ಬ್ಯೋರ್ನ್ ಇಬ್ಸೆನ್ನರು ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ಕತ್ತಿನಲ್ಲಿ ರಂಧ್ರ ಮಾಡಿಸಿ, ಅದರೊಳಗೆ ಕೊಳವೆಯಿಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಹಿಸುಕಿ ಗಾಳಿಯೂಡಿದರು. ಹುಡುಗಿ ಬದುಕಿದಳು. ಅಲ್ಲಿಂದ ಮುಂದೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲಿರುಳೂ ಹಾಸಿಗೆಗಳ ಬಳಿ ಕುಳಿತು ಚೀಲಗಳನ್ನು ಹಿಸುಕಿದರು. ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ವಂಶವೃಕ್ಷದ ಬೇರು ಅಲ್ಲಿದೆ. ಅಂದು ಆ ವಿದ್ಯಾರ್ಥಿಗಳ ಕೈ ಮಾಡಿದ ಕೆಲಸವನ್ನೇ ಇಂದು ವಿದ್ಯುತ್ತಿನ ಯಂತ್ರ ಮಾಡುತ್ತದೆ.

ಆದರೆ ನೂಕಿಸಿಕೊಂಡು ಬದುಕುವುದಕ್ಕೂ ಒಂದು ಸುಂಕವಿದೆ. ಕೊಳವೆಯ ದಾರಿಯಾಗಿ ಶ್ವಾಸಕೋಶಕ್ಕೆ ಹೊಸ ಸೋಂಕು ಇಳಿಯಬಹುದು. ಮಂಪರಿನ ಮದ್ದು ಹೆಚ್ಚು ದಿನವಾದರೆ ಬುದ್ಧಿಗೆ ಭ್ರಮೆ ಕವಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಕೆಲಸವಿಲ್ಲದ ವಪೆ ಸೊರಗುತ್ತದೆ. 2008ರಲ್ಲಿ ಅಮೆರಿಕದ ಸಂಶೋಧಕರು, ಮೆದುಳು ನಿಷ್ಕ್ರಿಯಗೊಂಡು 18ರಿಂದ 69 ಗಂಟೆಗಳವರೆಗೆ ಯಂತ್ರದ ಮೇಲಿದ್ದ ಅಂಗದಾನಿಗಳ ವಪೆಯನ್ನು ಪರೀಕ್ಷಿಸಿದಾಗ, ಅದರ ಎಳೆಗಳು ಸಾಮಾನ್ಯರವುಗಳಿಗಿಂತ ಅರ್ಧಕ್ಕೂ ಹೆಚ್ಚು ತೆಳುವಾಗಿದ್ದವು. ಮೂರು ದಿನ ತುಂಬುವುದರೊಳಗೇ! ಆದುದರಿಂದ ಯಂತ್ರಕ್ಕೆ ಹಾಕಿದ ದಿನದಿಂದಲೇ ಒಳ್ಳೆಯ ವೈದ್ಯನ ಮನಸ್ಸು ಬಿಡಿಸುವ ಲೆಕ್ಕದಲ್ಲಿರುತ್ತದೆ. "ಇನ್ನೆರಡು ದಿನ ಇರಲಿ ಡಾಕ್ಟ್ರೇ, ಚೆನ್ನಾಗಿ ಸುಧಾರಿಸಲಿ" ಎಂದು ನಾವೂ ಒಮ್ಮೆ ಬೇಡಿದ್ದೆವು. ವಿಶ್ರಾಂತಿಯೆಂದು ನಾವು ಭಾವಿಸಿದ್ದು ವಪೆಯ ಪಾಲಿಗೆ ಸೊರಗುವ ದಿನಗಳಾಗಿದ್ದವು.

ಹಾಗೆಂದು ಅವಸರವೂ ಸಲ್ಲದು. ಸೋಂಕು ಇಳಿದು, ರಕ್ತದೊತ್ತಡ ನಿಂತು, ರೋಗಿಗೆ ಎಚ್ಚರ ಬಂದ ಮೇಲೆ ದಿನಕ್ಕೊಮ್ಮೆ ಒಂದು ಪರೀಕ್ಷೆ ನಡೆಸುತ್ತಾರೆ. ಯಂತ್ರದ ನೆರವನ್ನು ನಿಲ್ಲಿಸಿ, ಇಲ್ಲವೇ ತೀರ ಕಡಿಮೆ ಮಾಡಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ರೋಗಿಯನ್ನು ತನ್ನ ಉಸಿರಿಗೇ ಬಿಟ್ಟು ನೋಡುತ್ತಾರೆ. 1995ರಲ್ಲಿ ಸ್ಪೇನ್ ದೇಶದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು, ಈ ದಿನಕ್ಕೊಂದು ಪರೀಕ್ಷೆಯ ಕ್ರಮದಿಂದ, ಯಂತ್ರದ ಉಸಿರಿನ ಸಂಖ್ಯೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವ ಹಳೆಯ ಕ್ರಮಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ರೋಗಿಗಳನ್ನು ಬಿಡಿಸಬಹುದೆಂದು ತೋರಿಸಿತು. ದೊಡ್ಡಪ್ಪನವರು ನಾಲ್ಕನೆಯ ದಿನದ ಪರೀಕ್ಷೆಯಲ್ಲಿ ಇಪ್ಪತ್ತೇ ನಿಮಿಷದಲ್ಲಿ ಬೆವರಿ, ನಿಮಿಷಕ್ಕೆ 38 ಬಾರಿ ಏದುಸಿರು ಬಿಟ್ಟು ಸೋತರು. ಐದನೆಯ ದಿನವೂ ಸೋತರು. ಏಳನೆಯ ದಿನ ಒಂದು ಗಂಟೆ ನಿರಾಯಾಸವಾಗಿ ಉಸಿರಾಡಿ, ಕೇಳಿದಾಗ ಕೆಮ್ಮಿ ತೋರಿಸಿ, ತೇರ್ಗಡೆಯಾದರು.

ಮಜ್ಜಿಗೆಗೆ ನೀರು ಬೆರೆತಂತೆ

ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲರೂ ದಡ ಸೇರುವುದಿಲ್ಲ ಎಂಬುದು ನಮಗೆ ತಿಳಿದಿರಲಿಲ್ಲ. ಕೊಳವೆ ತೆಗೆಸಿಕೊಂಡ ನೂರು ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಹೆಚ್ಚಾಗಿ ಮೂರು ದಿನಗಳೊಳಗೆ, ಅದನ್ನು ಮತ್ತೆ ಹಾಕಬೇಕಾಗುತ್ತದೆ. ಪ್ರಾಯ ಹೆಚ್ಚಾದವರಿಗೆ, ಹೃದಯ ಅಥವಾ ಶ್ವಾಸಕೋಶದ ಹಳೆಯ ಬೇನೆಯಿದ್ದವರಿಗೆ, ಕೆಮ್ಮುವ ತ್ರಾಣವಿಲ್ಲದವರಿಗೆ ಈ ಅಪಾಯ ಹೆಚ್ಚು. ಹಾಗೆ ಮತ್ತೆ ಕೊಳವೆ ಬೇಕಾದವರಲ್ಲಿ ಸಾವೂ ಹೆಚ್ಚು. ಆದುದರಿಂದ ನಾವು ಫೋನಿನಲ್ಲಿ ಸಂಭ್ರಮ ಹಂಚುತ್ತಿದ್ದ ಆ ಮಧ್ಯಾಹ್ನವೇ ಒಳಗಿದ್ದವರಿಗೆ ಅತ್ಯಂತ ಎಚ್ಚರಿಕೆಯ ಹೊತ್ತಾಗಿತ್ತು.

ಹಿಂದೆ ಆ ಹೊತ್ತಿನಲ್ಲಿ ಮುಖಕ್ಕೊಂದು ಮಾಸ್ಕು, ಇಲ್ಲವೇ ಮೂಗಿಗೊಂದು ತೆಳು ನಳಿಕೆಯಿಟ್ಟು ಆಮ್ಲಜನಕ ಬಿಡುತ್ತಿದ್ದರು. ಈಗಲೂ ಬಹಳ ಕಡೆ ಹಾಗೆಯೇ. ಅದರ ಕೊರತೆಯನ್ನು ಡಾಕ್ಟರರು ನಮಗೆ ವಿವರಿಸಿದ ರೀತಿ ನೆನಪಿನಲ್ಲಿಡುವಂತಹುದು. ತೆಳು ನಳಿಕೆಯಲ್ಲಿ ಬರುವುದು ನಿಮಿಷಕ್ಕೆ ಐದಾರು ಲೀಟರ್, ಮಾಸ್ಕಿನಲ್ಲಿ ಹೆಚ್ಚೆಂದರೆ ಹದಿನೈದು. ಆದರೆ ಏದುಸಿರು ಬಿಡುವ ರೋಗಿ ಗಾಳಿಯನ್ನೆಳೆಯುವ ಆ ಕ್ಷಣದ ವೇಗವನ್ನು ಅಳೆದರೆ ಅದು ನಿಮಿಷಕ್ಕೆ 60 ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಉಳಿದುದನ್ನು ಆತ ಎಲ್ಲಿಂದ ತರಬೇಕು? ಕೋಣೆಯ ಗಾಳಿಯಿಂದ. ಅದರಲ್ಲಿರುವ ಆಮ್ಲಜನಕ ನೂರಕ್ಕೆ 21 ಭಾಗ ಮಾತ್ರ. ಗಟ್ಟಿ ಮಜ್ಜಿಗೆಯನ್ನು ಒಂದು ಸೌಟು ಹಾಕಿ ಮೇಲೆ ನಾಲ್ಕು ಸೌಟು ನೀರು ಹೊಯ್ದರೆ ಬಾಯಿಗೆ ಬರುವುದು ನೀರುಮಜ್ಜಿಗೆಯೇ. ರೋಗಿಗೆ ಉಬ್ಬಸ ಹೆಚ್ಚಿದಷ್ಟೂ ಬೆರಕೆ ಹೆಚ್ಚುತ್ತದೆ. ಎಂದರೆ ಅಗತ್ಯ ಹೆಚ್ಚಾದಾಗಲೇ ಆಮ್ಲಜನಕ ತೆಳುವಾಗುತ್ತದೆ.

ಎರಡನೆಯ ಕೊರತೆ ಒಣತನ. ಸಿಲಿಂಡರಿನಿಂದ ಬರುವ ಗಾಳಿ ತಣ್ಣಗೆ, ಒಣಗಿರುತ್ತದೆ. ಆರೋಗ್ಯವಂತನ ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಕೊಟ್ಟು ಒಳಗೆ ಬಿಡುತ್ತದೆ. ಒಂದು ವಾರ ಕೊಳವೆಯಲ್ಲೇ ಉಸಿರಾಡಿದವನ ದಾರಿಗಳು ಮೊದಲೇ ಕೆರಳಿರುತ್ತವೆ, ಕಫ ಅಂಟಂಟಾಗಿರುತ್ತದೆ. ಅದರ ಮೇಲೆ ಒಣಗಾಳಿ ಬೀಸಿದರೆ ಕಫ ಗಟ್ಟಿಯಾಗಿ ದಾರಿಗೇ ಬಿರಡೆಯಾಗುತ್ತದೆ. ಗೋಡೆಯ ಬಾಟಲಿಯಲ್ಲಿ ಗುಳುಗುಳು ಎನ್ನುವ ನೀರನ್ನು ನಾವೆಲ್ಲ ಕಂಡಿದ್ದೇವೆ. ಅದು ಕೊಡುವ ತೇವ ಬಹಳ ಅಲ್ಪ.

ದೊಡ್ಡಪ್ಪನವರ ಮೂಗಿನ ಬಳಿ ಸದ್ದು ಮಾಡುತ್ತಿದ್ದ 'ಹೈ ಫ್ಲೋ' ಯಂತ್ರವು ಈ ಎರಡೂ ಕೊರತೆಗಳಿಗೆ ಉತ್ತರವಾಗಿ ಬಂದುದು. ಮೊದಲು ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಬಳಸಿ, ಆಮೇಲೆ ದೊಡ್ಡವರಿಗೂ ತಂದರು. ಅದು ಗಾಳಿಯನ್ನೂ ಆಮ್ಲಜನಕವನ್ನೂ ಬೇಕಾದ ಪ್ರಮಾಣದಲ್ಲಿ, ನೂರಕ್ಕೆ 21ರಿಂದ 100ರವರೆಗೆ, ಬೆರೆಸಿ ನಿಮಿಷಕ್ಕೆ 60 ಲೀಟರಿನ ತನಕ ಹರಿಸುತ್ತದೆ. ರೋಗಿ ಎಳೆಯುವ ವೇಗಕ್ಕೆ ಪ್ರವಾಹ ಸರಿಸಮನಾದಾಗ ಕೋಣೆಯ ಗಾಳಿ ಬೆರೆಯಲು ಎಡೆಯೇ ಇಲ್ಲ. ಆ ಗಾಳಿಯನ್ನು ದೇಹದ ಬಿಸಿಗೆ, ಎಂದರೆ 37 ಡಿಗ್ರಿಗೆ ತಂದು, ಪ್ರತಿ ಲೀಟರಿಗೂ 44 ಮಿಲಿಗ್ರಾಂ ನೀರಿನ ಆವಿಯನ್ನು ಸೇರಿಸುತ್ತದೆ. ಈ ಅಂಕಿ ಸಣ್ಣದೆಂದು ತೋರಬಹುದು. ಆದರೆ ನಿಮಿಷಕ್ಕೆ 50 ಲೀಟರಿನ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 130 ಮಿಲಿಲೀಟರ್ ನೀರು ಆವಿಯಾಗಿ ಹೋಗುತ್ತದೆ. ಸಿಸ್ಟರ್ ಮತ್ತೆ ಮತ್ತೆ ಬಂದು ಆ ತೂಗುಚೀಲವನ್ನು ಬದಲಾಯಿಸುತ್ತಿದ್ದುದರ ಗುಟ್ಟು ಇದು.

ಇನ್ನೊಂದು ಉಪಕಾರವುಂಟು, ಇದು ನಮಗೆ ಬಹಳ ಹಿಡಿಸಿತು. ನಾವು ಒಳಗೆಳೆಯುವ ಒಂದೊಂದು ಉಸಿರಿನಲ್ಲಿ, ಸುಮಾರು ಅರ್ಧ ಲೀಟರಿನಲ್ಲಿ, ಮೂರನೆಯ ಒಂದು ಪಾಲು ಶ್ವಾಸಕೋಶದ ಒಳಗೂಡನ್ನು ಮುಟ್ಟುವುದೇ ಇಲ್ಲ; ಮೂಗು, ಗಂಟಲು, ನಾಳಗಳಲ್ಲೇ ನಿಂತು ಹಿಂತಿರುಗುತ್ತದೆ. ಉಸಿರು ಬಿಟ್ಟ ಮೇಲೆ ಆ ಜಾಗದಲ್ಲಿ ಉಳಿಯುವುದು ಬಳಸಿ ಬಿಟ್ಟ ಗಾಳಿ, ಇಂಗಾಲದ ಡೈಆಕ್ಸೈಡ್ ತುಂಬಿದುದು. ಮುಂದಿನ ಉಸಿರಿನಲ್ಲಿ ಮೊದಲು ಒಳಹೋಗುವುದು ಈ ಹಳಸಿದ ಗಾಳಿಯೇ. ಎಡೆಬಿಡದ ಬಿರುಗಾಳಿಯು ಮೂಗು ಗಂಟಲುಗಳನ್ನು ತೊಳೆದು ಅಲ್ಲಿ ಹೊಸ ಗಾಳಿಯನ್ನು ತುಂಬಿಡುತ್ತದೆ. ಆದುದರಿಂದ ಅದೇ ಶ್ರಮಕ್ಕೆ ಹೆಚ್ಚು ಫಲ. ಬಾಯಿ ಮುಚ್ಚಿದ್ದರೆ ಸಣ್ಣದೊಂದು ಒತ್ತಡವೂ ಉಂಟಾಗಿ, ಶ್ವಾಸಕೋಶದ ಗುಳ್ಳೆಗಳು ಪೂರ್ತಿ ಕುಸಿಯದಂತೆ ತಡೆಯುತ್ತದೆ. ಇಷ್ಟಾದರೂ ಬಾಯಿ ರೋಗಿಯದೇ. ಮಾತಾಡಬಹುದು, ಕೆಮ್ಮಿ ಕಫ ಉಗುಳಬಹುದು, ಮುಖಕ್ಕೆ ಬಿಗಿದು ಕಟ್ಟುವ ಒತ್ತಡದ ಮಾಸ್ಕಿನಂತೆ ಕಣ್ಣು ಮೂಗುಗಳಿಗೆ ಹಿಂಸೆಯಿಲ್ಲ.

ಉಣ್ಣುವ ವಿಷಯ ಮಾತ್ರ ಬೇರೆ. ನಮ್ಮ ಅಣ್ಣ ಪ್ರೀತಿಯಿಂದ ಥರ್ಮಸಿನಲ್ಲಿ ಗಂಜಿಯ ತಿಳಿಯನ್ನು ತಂದಿದ್ದ. ಚಮಚ ಬಾಯಿಗೆ ಮುಟ್ಟುವ ಮೊದಲೇ ಸಿಸ್ಟರ್ ಓಡಿಬಂದು, ಮಲಯಾಳದ ರಾಗದ ಕನ್ನಡದಲ್ಲಿ, "ಅಣ್ಣಾ, ಬೇಡ ಬೇಡ, ಈಗ ಕೊಡಬಾರದು, ಎದೆಗೆ ಹೋಗ್ತದೆ" ಎಂದು ತಡೆದರು. ಹಲವು ದಿನ ಕೊಳವೆಯಿದ್ದ ಗಂಟಲು ನುಂಗುವ ಕ್ರಮವನ್ನೇ ಸ್ವಲ್ಪ ಕಾಲ ಮರೆತಿರುತ್ತದೆ. ಅನ್ನನಾಳಕ್ಕೆ ಹೋಗಬೇಕಾದುದು ಶ್ವಾಸನಾಳಕ್ಕೆ ಇಳಿಯುತ್ತದೆ. ಪರೀಕ್ಷಿಸಿ ನೋಡಿ ವೈದ್ಯರು ಹೇಳುವ ತನಕ ಒಂದು ಗುಟುಕು ನೀರನ್ನೂ ಕೊಡಬಾರದು. ಓದುಗರಲ್ಲಿ ತಾಯಂದಿರು ಇದನ್ನು ಮರೆಯಬಾರದೆಂದು ಕೋರುತ್ತೇವೆ.

ಅಂಕಿಗಳು ಹೇಳುವುದೇನು

ಹೊಸ ಯಂತ್ರವೆಂದರೆ ಹೊಗಳುವವರಿಗೆ ಬರಗಾಲವಿಲ್ಲ. ಆದುದರಿಂದ ಪರೀಕ್ಷೆ ಮಾಡಿದವರ ಮಾತನ್ನೇ ಕೇಳೋಣ. 2014ರಲ್ಲಿ ಇಟಲಿಯಲ್ಲಿ 105 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಕೊಳವೆ ತೆಗೆದ ಮೇಲೆ ಸಾಮಾನ್ಯ ಮಾಸ್ಕು ಹಾಕಿಸಿಕೊಂಡವರಲ್ಲಿ ನೂರಕ್ಕೆ 21 ಮಂದಿಗೆ ಮತ್ತೆ ಕೊಳವೆ ಬೇಕಾಯಿತು. ಹೈ ಫ್ಲೋ ಪಡೆದವರಲ್ಲಿ 4 ಮಂದಿಗೆ. 2016ರಲ್ಲಿ ಸ್ಪೇನಿನ ಏಳು ಘಟಕಗಳಲ್ಲಿ, ಅಪಾಯ ಕಡಿಮೆಯಿದ್ದ 527 ರೋಗಿಗಳಲ್ಲಿ, ಈ ಲೆಕ್ಕ 12.2 ಮತ್ತು 4.9. ಇವು ಸಣ್ಣ ಅಂತರಗಳಲ್ಲ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇಟಲಿಯ ಅದೇ ಸಂಶೋಧಕರ ನೇತೃತ್ವದಲ್ಲಿ 494 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮತ್ತೆ ಕೊಳವೆ ಬೇಕಾದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒತ್ತಡದ ಮಾಸ್ಕಿನ ನೆರವು ಬೇಕಾದವರು ಮಾತ್ರ ಹೈ ಫ್ಲೋ ಗುಂಪಿನಲ್ಲಿ ಕಡಿಮೆಯಿದ್ದರು. ತಮ್ಮದೇ ಹಿಂದಿನ ಫಲವನ್ನು ಮತ್ತೆ ಒರೆಗೆ ಹಚ್ಚಿ, ಬಂದುದನ್ನು ಬಂದಂತೆ ಪ್ರಕಟಿಸಿದ ಆ ವೈದ್ಯರ ಪ್ರಾಮಾಣಿಕತೆಗೆ ತಲೆಬಾಗಬೇಕು.

ದೊಡ್ಡಪ್ಪನವರಂತಹ ಹೆಚ್ಚು ಅಪಾಯದ ರೋಗಿಗಳಿಗೆ ಹೈ ಫ್ಲೋ ಒಂದೇ ಸಾಲದು. ಫ್ರಾನ್ಸಿನ 30 ಘಟಕಗಳಲ್ಲಿ 641 ಮಂದಿಯ ಮೇಲೆ ನಡೆದು 2019ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹೈ ಫ್ಲೋ ಮಾತ್ರ ಪಡೆದವರಲ್ಲಿ ಏಳು ದಿನಗಳೊಳಗೆ ನೂರಕ್ಕೆ 18.2 ಮಂದಿಗೆ ಮತ್ತೆ ಕೊಳವೆ ಬೇಕಾಯಿತು. ಅದರೊಂದಿಗೆ ಬಿಟ್ಟುಬಿಟ್ಟು ಒತ್ತಡದ ಮಾಸ್ಕನ್ನೂ ಕಟ್ಟಿಸಿಕೊಂಡವರಲ್ಲಿ 11.8 ಮಂದಿಗೆ. ಬೀಡಿಯಿಂದ ಕೆಟ್ಟ ಶ್ವಾಸಕೋಶದಲ್ಲಿ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುವವರಿಗೆ ಈ ಮಾಸ್ಕು ಬಹಳ ಮುಖ್ಯ. ಯುರೋಪಿನ ಶ್ವಾಸರೋಗತಜ್ಞರ ಸಂಘವು 2022ರಲ್ಲಿ ಕೊಟ್ಟ ಸಲಹೆಯೂ ಹೀಗೆಯೇ ಇದೆ. ಅಪಾಯ ಕಡಿಮೆಯೋ ಮಧ್ಯಮವೋ ಆದವರಿಗೆ ಸಾಮಾನ್ಯ ಆಮ್ಲಜನಕಕ್ಕಿಂತ ಹೈ ಫ್ಲೋ, ಅಪಾಯ ಹೆಚ್ಚಿದ್ದವರಿಗೆ ಒತ್ತಡದ ಮಾಸ್ಕು. ದೊಡ್ಡಪ್ಪನವರಿಗೆ ಎರಡನ್ನೂ ಸರದಿಯಲ್ಲಿ ಕೊಡುತ್ತಿದ್ದರು.

ಒಪ್ಪಿಗೆಯ ಕಾಗದ

ಈಗ ನಾವು ಬರೆಯಲು ಕುಳಿತ ಮುಖ್ಯ ಕಾರಣಕ್ಕೆ ಬರುತ್ತೇವೆ. ಅಂದು ಸಂಜೆ ಡಾಕ್ಟರರು ನಮ್ಮೆಲ್ಲರನ್ನೂ ಕುಳ್ಳಿರಿಸಿಕೊಂಡು ಕೇಳಿದರು: "ರಾತ್ರಿ ಮತ್ತೆ ಉಬ್ಬಸ ಹೆಚ್ಚಾದರೆ ಟ್ಯೂಬ್ ಪುನಃ ಹಾಕಬೇಕಾದೀತು. ನಿಮ್ಮ ಒಪ್ಪಿಗೆ ಉಂಟಾ?" ಮುಂದಿಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮ ಚಿಕ್ಕಪ್ಪನವರು ಅದನ್ನು ನೋಡದೆಯೇ, "ಬೇಡ ಡಾಕ್ಟ್ರೇ. ಆರು ದಿನ ಅನುಭವಿಸಿದ್ದು ಸಾಕು. ಇನ್ನೊಮ್ಮೆ ಆ ಹಿಂಸೆ ಬೇಡ. ಮೂಗಿನ ಯಂತ್ರದಲ್ಲೇ ಎಷ್ಟಾಗುತ್ತದೋ ಅಷ್ಟು ನೋಡಿ" ಎಂದುಬಿಟ್ಟರು. ನಮಗೂ ಅದೇ ಸರಿಯೆಂದು ಕಂಡಿತು. ಕೊಳವೆಯೆಂದರೆ ಸೋಲು, ಮೂಗಿನ ಯಂತ್ರವೆಂದರೆ ಗೆಲುವು ಎಂದು ಆಗಲೇ ನಮ್ಮ ಮನಸ್ಸು ತೀರ್ಮಾನಿಸಿಬಿಟ್ಟಿತ್ತು.

ಡಾಕ್ಟರರು ಕೋಪಿಸಿಕೊಳ್ಳಲಿಲ್ಲ. ಬದಲು ಒಂದು ಹಳೆಯ ಅಧ್ಯಯನದ ಕಥೆ ಹೇಳಿದರು. 2004ರಲ್ಲಿ ಪ್ರಕಟವಾದ ಅದರಲ್ಲಿ, ಕೊಳವೆ ತೆಗೆದ ಮೇಲೆ ಉಸಿರಾಟ ಕೆಟ್ಟ 221 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಒತ್ತಡದ ಮಾಸ್ಕು ಕಟ್ಟಿ, ಕೊಳವೆಯನ್ನು ತಪ್ಪಿಸಲು ಯತ್ನ. ಮಾಸ್ಕಿನ ಗುಂಪಿನಲ್ಲಿ ಸಾವು ನೂರಕ್ಕೆ 25, ಇನ್ನೊಂದರಲ್ಲಿ 14. ಹೀಗಾದುದೇಕೆ? ಮಾಸ್ಕಿನ ಮೇಲೆ ಭರವಸೆಯಿಟ್ಟು ಕಾದವರಲ್ಲಿ ಮತ್ತೆ ಕೊಳವೆ ಹಾಕಲು ಸುಮಾರು ಹನ್ನೆರಡು ಗಂಟೆ ಹಿಡಿದಿತ್ತು. ಇನ್ನೊಂದು ಗುಂಪಿನಲ್ಲಿ ಎರಡೂವರೆ ಗಂಟೆ. ಹೈ ಫ್ಲೋ ವಿಷಯದಲ್ಲೂ ಕೊರಿಯದ ವೈದ್ಯರು 2015ರಲ್ಲಿ ಇಂತಹುದನ್ನೇ ಕಂಡರು. ಅದು ಸಾಲದೆ ಕೊನೆಗೆ ಕೊಳವೆ ಬೇಕಾದ ರೋಗಿಗಳಲ್ಲಿ, ಎರಡು ದಿನದೊಳಗೆ ಕೊಳವೆ ಹಾಕಿಸಿಕೊಂಡವರಿಗಿಂತ ತಡಮಾಡಿದವರಲ್ಲಿ ಸಾವು ಬಹಳ ಹೆಚ್ಚಾಗಿತ್ತು. ನೆರವಿಗೆಂದು ಬಂದ ಯಂತ್ರ ಕೆಲವೊಮ್ಮೆ ರೋಗದ ಮುಖಕ್ಕೆ ಪರದೆಯಾಗುತ್ತದೆ. ಬೆರಳಿಗೆ ಸಿಕ್ಕಿಸಿದ ಯಂತ್ರ 94, 95 ಎಂದು ತೋರಿಸುತ್ತಿರುತ್ತದೆ. ಒಳಗೆ ವಪೆ ದಣಿದು ಕೈಚೆಲ್ಲುತ್ತಿರುತ್ತದೆ.

ಆದುದರಿಂದ ಅಂಕಿಗಿಂತ ಮುಖವನ್ನು ನೋಡಬೇಕು ಎಂದರು ಅವರು. ಉಸಿರು ನಿಮಿಷಕ್ಕೆ ಮೂವತ್ತೈದನ್ನು ದಾಟಿತೇ, ಕುತ್ತಿಗೆಯ ಸ್ನಾಯುಗಳು ಎಳೆಯುತ್ತಿವೆಯೇ, ಎದೆ ಏರುವಾಗ ಹೊಟ್ಟೆ ಒಳಸೇರುತ್ತಿದೆಯೇ, ತಣ್ಣನೆ ಬೆವರುತ್ತಿದ್ದಾರೆಯೇ, ಮಾತು ತಪ್ಪುತ್ತಿದೆಯೇ? ಹೊತ್ತಲ್ಲದ ಹೊತ್ತಿನಲ್ಲಿ ಕವಿಯುವ ನಿದ್ದೆಯೂ ಕೆಟ್ಟ ಸೂಚನೆ. "ಪಾಪ, ಈಗ ಸುಖವಾಗಿ ಮಲಗಿದರು" ಎಂದು ನಾವು ಸಮಾಧಾನಪಡುವ ಹೊತ್ತಿನಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮೆದುಳಿಗೆ ಮಂಕು ಕವಿದಿರಬಹುದು. ಮುಂಜಾವದೊಳಗೆ ನಿರ್ಧರಿಸಬೇಕಾದುದನ್ನು ಸಂಬಂಧಿಕರ ಒಪ್ಪಿಗೆಗಾಗಿ ಮಧ್ಯಾಹ್ನದವರೆಗೆ ಕಾದರೆ, ಆ ಕಾಯುವಿಕೆಯೇ ರೋಗಿಗೆ ಕುತ್ತಾಗಬಹುದು.

ದೊಡ್ಡಮ್ಮ ಇಷ್ಟನ್ನೂ ಕೇಳಿ, "ಬದುಕುವ ದಾರಿಯಿದ್ದರೆ ಹಾಕಿ" ಎಂದರು. ಚಿಕ್ಕಪ್ಪನವರು ಮರುಮಾತಾಡದೆ ರುಜು ಹಾಕಿದರು. ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಗುಣವಾಗುವ ಆಸೆಯೇ ಇಲ್ಲದ ರೋಗದಲ್ಲಿ ಮತ್ತೆ ಕೊಳವೆ ಬೇಡವೆನ್ನುವ ಕುಟುಂಬದ ನಿರ್ಧಾರ ಬೇರೆಯೇ ವಿಚಾರ. ಅದಕ್ಕೂ ತನ್ನದೇ ಆದ ಗೌರವವುಂಟು. ಆದರೆ ಆ ನಿರ್ಧಾರವನ್ನು ರೋಗಿಗೆ ಎಚ್ಚರವಿದ್ದಾಗ ಆತನನ್ನೇ ಕೇಳಿ, ವೈದ್ಯರೊಡನೆ ಕುಳಿತು ಮಾತಾಡಿ ಮಾಡಬೇಕು. ಬೆಂಚಿನ ಮೇಲಿನ ದಣಿವಿನಲ್ಲಿ ಅಲ್ಲ.

ಆ ರಾತ್ರಿ ಎರಡು ಗಂಟೆಗೆ ದೊಡ್ಡಪ್ಪನವರ ಉಸಿರು ಮೂವತ್ತನ್ನು ದಾಟಿತು. ಪ್ರವಾಹವನ್ನು 60ಕ್ಕೇರಿಸಿ, ಕುಳ್ಳಿರಿಸಿ, ಬೆನ್ನು ತಟ್ಟಿ ಕೆಮ್ಮಿಸಿ ಕಫ ತೆಗೆದು, ಎರಡು ಗಂಟೆ ಒತ್ತಡದ ಮಾಸ್ಕು ಕಟ್ಟಿದರು. ಕೊಳವೆಯ ತಟ್ಟೆ ಹಾಸಿಗೆಯ ಬಳಿಯೇ ಸಿದ್ಧವಾಗಿತ್ತು. ಬೆಳಗಾಗುವಾಗ ಉಸಿರು 24ಕ್ಕೆ ಇಳಿಯಿತು. ಪಕ್ಕದ ಮಂಚದಲ್ಲಿ ಅದೇ ಯಂತ್ರದ ಮೇಲಿದ್ದ ವೃದ್ಧೆಯೊಬ್ಬರಿಗೆ ಆ ಅದೃಷ್ಟ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅವರಿಗೆ ಮತ್ತೆ ಕೊಳವೆ ಹಾಕಿದರು. ಅವರ ಮಗ ಹೊರಗೆ ಬಂದು ಗೋಡೆಗೊರಗಿ ಅತ್ತುದನ್ನು ನಾವು ಕಂಡೆವು. ಐದು ದಿನಗಳ ಮೇಲೆ ಆ ತಾಯಿಯ ಕೊಳವೆ ಎರಡನೆಯ ಬಾರಿ ಹೊರಬಂದು, ಆಮೇಲೆ ಅವರು ನಡೆದೇ ಮನೆ ಸೇರಿದರೆಂಬ ಸುದ್ದಿಯನ್ನು ಅದೇ ಮಗ ಫೋನಿನಲ್ಲಿ ತಿಳಿಸಿದ.

ಗಡಿ ದಾಟುವ ಮೊದಲು

ನಮ್ಮಂತಹ ಗಡಿಯವರಿಗೆ ಇದರಲ್ಲಿ ಇನ್ನೊಂದು ಲೆಕ್ಕವಿದೆ. ಈ ಯಂತ್ರ ಆಮ್ಲಜನಕವನ್ನು ಬಹಳ ಬೇಡುತ್ತದೆ. ಆಸ್ಪತ್ರೆಗಳಲ್ಲಿ ಕಾಣುವ ಆಳೆತ್ತರದ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್ ಇರುತ್ತದೆ. ಶುದ್ಧ ಆಮ್ಲಜನಕವನ್ನೇ ನಿಮಿಷಕ್ಕೆ 60 ಲೀಟರಿನಂತೆ ಬಿಟ್ಟರೆ ಅದು ಎರಡು ಗಂಟೆಯೂ ಬಾರದು. ನೂರಕ್ಕೆ 40ರ ಬೆರಕೆಯಲ್ಲಿ, 50 ಲೀಟರಿನ ಪ್ರವಾಹದಲ್ಲಾದರೆ, ಹೊರಗಿನ ಗಾಳಿಯೂ ಸೇರುವುದರಿಂದ ಸುಮಾರು ಒಂಬತ್ತೂವರೆ ಗಂಟೆ ಬರುತ್ತದೆ. 2021ರಲ್ಲಿ ಕೋವಿಡಿನ ಎರಡನೆಯ ಅಲೆಯಲ್ಲಿ ದೇಶವೇ ಆಮ್ಲಜನಕಕ್ಕಾಗಿ ಪರದಾಡಿದಾಗ ವೈದ್ಯರು ಈ ಯಂತ್ರಗಳನ್ನು ಅಳೆದು ಸುರಿದು ಬಳಸಬೇಕಾಯಿತು. ಆಂಬುಲೆನ್ಸಿನಲ್ಲಿ ಇರಿಸುವ ಸಣ್ಣ ಸಿಲಿಂಡರಿನಲ್ಲಿ ಇರುವುದು ಸುಮಾರು 1500 ಲೀಟರ್. ಪೂರ್ಣ ಪ್ರವಾಹದಲ್ಲಿ 25 ನಿಮಿಷ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಾರಿ ಸುಗಮವಾಗಿದ್ದರೂ ಒಂದು ಗಂಟೆಯ ಮಾತು. ಗಾಳಿಯನ್ನು ಬಿಸಿಮಾಡಲು ವಿದ್ಯುತ್ತೂ ಬೇಕು. ಆದುದರಿಂದ ಹೈ ಫ್ಲೋ ಮೇಲಿರುವ ರೋಗಿಯನ್ನು "ಅಲ್ಲಿ ಇನ್ನೂ ಒಳ್ಳೆಯ ಆಸ್ಪತ್ರೆಯುಂಟು" ಎಂದು ಹೊರಡಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ದಾರಿಗೆ ಆಮ್ಲಜನಕ ಎಷ್ಟಿದೆ, ಜೊತೆಗೆ ಕೊಳವೆ ಹಾಕಬಲ್ಲವರು ಇದ್ದಾರೆಯೇ, ತಲುಪುವ ಕಡೆ ಹಾಸಿಗೆ ನಿಶ್ಚಯವಾಗಿದೆಯೇ? ಕೆಲವೊಮ್ಮೆ ಪ್ರಯಾಣಕ್ಕೆಂದೇ ಕೊಳವೆ ಹಾಕಿ ಕಳುಹಿಸುವುದೇ ಹೆಚ್ಚು ಸುರಕ್ಷಿತವೆಂದು ವೈದ್ಯರು ಹೇಳುವುದುಂಟು. ಅದನ್ನು ಅವರ ಅವಸರವೆಂದು ತಿಳಿಯಬಾರದು. 2020ರ ಮಾರ್ಚ್ ಕೊನೆಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿ, ಮಾತು ಹೈಕೋರ್ಟು ಸುಪ್ರೀಂ ಕೋರ್ಟುಗಳವರೆಗೆ ಹೋದ ದಿನಗಳನ್ನು ಕಂಡ ನಮಗೆ, ಆ 50 ಕಿಲೋಮೀಟರಿನ ಬೆಲೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ದೊಡ್ಡಪ್ಪನವರ ಯಂತ್ರದ ಪ್ರವಾಹವನ್ನು ಎರಡು ದಿನಗಳಲ್ಲಿ 50, 40, 30 ಎಂದು ಇಳಿಸುತ್ತ ಬಂದರು. ಹತ್ತನೆಯ ದಿನ ಬೆಳಿಗ್ಗೆ ದಪ್ಪ ಕವಲುಗಳನ್ನು ತೆಗೆದು ತೆಳು ನಳಿಕೆಯಲ್ಲಿ ಮೂರು ಲೀಟರ್ ಬಿಟ್ಟರು. ಸಿಸ್ಟರ್ ಒಬ್ಬರು ಆ ಕಂಬವನ್ನು ಗಾಲಿಗಳ ಮೇಲೆ ಉರುಳಿಸಿಕೊಂಡು ಕಿಟಕಿಯ ಬಳಿಯ ಮಂಚದ ಕಡೆಗೆ ಹೋದರು. ಅಲ್ಲಿ ಯಾರದೋ ಕೊಳವೆ ತೆಗೆಯುವ ಸಿದ್ಧತೆ ನಡೆದಿತ್ತು. ದೊಡ್ಡಪ್ಪನವರ ಗಂಟಲು ಇನ್ನೂ ಒಡೆದ ಕೊಳಲಿನಂತಿತ್ತು. ಏನೋ ಹೇಳಲು ಹವಣಿಸಿದರು. ದೊಡ್ಡಮ್ಮ ಬಾಗಿ ಕಿವಿಗೊಟ್ಟರು.

"ತೋಟಕ್ಕೆ ಎರಡನೆಯ ಮದ್ದು ಬಿಟ್ಟಾಯಿತೋ?"

"ಮಳೆ ಬಿಡಬೇಕಲ್ಲ" ಎಂದು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.